ಆಲ್ಟ್‌ಬೆಗ್ ಸ್ಟೇಷನ್ ಮಾಸ್ಟರರ ಮೂಲಕ

ಮಲ್ಕಾಜ್‌ಗಿರಿ, ಹೈದರಾಬಾದ್
29 ಜೂನ್ 1986, ಭಾನುವಾರ

ನಲಿನಿಗೆ ಅಣ್ಣ ನರಹರಿಯ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ಕಿವುಡ ಮಕ್ಕಳಿಗೆ ಪಾಠ ಹೇಳುವ ತರಬೇತಿಗೆಂದು ಒಂದು ವರ್ಷ ಗ್ಲಾಸ್ಗೋಕ್ಕೆ ಹೋದವಳು, ಪರೀಕ್ಷೆ ಮುಗಿಸಿ ನೆಟ್ಟಗೆ ವಿಮಾನ ಹತ್ತುವುದು ಬಿಟ್ಟು, ಸ್ಕಾಟ್‌ಲೆಂಡಿನ ಹಳ್ಳಿಗಾಡಿನಲ್ಲಿ ಒಬ್ಬಳೇ ಸೈಕಲ್ ಮೇಲೆ ಮುನ್ನೂರು ಮೈಲಿ ಹೋಗಿ ಸಮುದ್ರ ಮುಟ್ಟಿ ಬರುತ್ತೇನೆ ಎಂದು ಬರೆದಿದ್ದೀ. ಮೂವತ್ತಾರಾಯಿತು, ಬುದ್ಧಿ ಬರುವುದು ಯಾವಾಗ ಎಂದು ಬೈಯಲು ಪೆನ್ನು ತೆಗೆದಿದ್ದೆ. ನಿನ್ನ ವೈನಿ ಉಷಾ ಬಿಡಲಿಲ್ಲ. "ಹೋಗಲಿ ಬಿಡ್ರಿ. ನೀವಂತೂ ಆ ಆಫೀಸು ಬಿಟ್ಟು ಎಲ್ಲೂ ಹೋಗಲಿಲ್ಲ. ಮನ್ಯಾಗ ಒಬ್ಬರಾದ್ರೂ ಊರು ನೋಡಲಿ" ಅಂದಳು. ಆದ್ದರಿಂದ ಬೈಗುಳ ರದ್ದು.

ಆದರೆ ದಾರಿ ನಾನು ಹಾಕಿಕೊಡುತ್ತೇನೆ. ನಮ್ಮ ಆಫೀಸಿನ ಕಪಾಟಿನಲ್ಲಿ 1938ರ ಬ್ರಿಟಿಷ್ ರೈಲುಗಳ ನಕ್ಷೆಯೂ ಟೈಮ್‌ಟೇಬಲ್ಲೂ ಸಿಕ್ಕಿವೆ. ರಸ್ತೆ ಹಾಕುವವನು ಗುಡ್ಡ ಅಡ್ಡ ಬಂದರೆ ನೆಟ್ಟಗೆ ಹತ್ತಿಸಿಬಿಡುತ್ತಾನೆ. ರೈಲಿನವನಿಗೆ ಆ ಸ್ವಾತಂತ್ರ್ಯವಿಲ್ಲ. ಅರವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರಬಹುದು, ಅದಕ್ಕಿಂತ ಹೆಚ್ಚಿಗೆ ಅವನು ಹೋಗುವುದೇ ಅಪರೂಪ. ಆದ್ದರಿಂದ ಹಳಿಯ ಮಗ್ಗುಲಲ್ಲೇ ಹೋಗು, ಕಾಲು ನೋಯುವುದಿಲ್ಲ. ಆಫೀಸಿನಲ್ಲಿ ನನ್ನ ಹಾಗೆಯೇ ಪಕ್ಕದ ಬೋರ್ಡಿಗೆ ಕೂತು ಗಾಡಿ ನಡೆಸುವ ವೈಜನಾಥ ನೋಡಿ, "ಪುಸ್ತಕ ಭಾಳ ಹಳೇದೈತಲ್ಲೋ ನರಹರಿ" ಅಂದ. ಗಾಡಿಯ ಟೈಮ್ ಬದಲಾದೀತು, ಹಾಕಿದ ಹಳಿ ಎಲ್ಲಿಗೆ ಹೋದೀತು ಅಂದೆ.

ಜೊತೆಗೆ ಒಂದು ಚಾರ್ಟ್ ಇಟ್ಟಿದ್ದೇನೆ. ದಿನಾ ನನ್ನ ಬೋರ್ಡಿನ ಮೇಲೆ ಗಾಡಿಗಳಿಗೆ ಹಾಕುವಂಥದೇ. ಎಡಕ್ಕೆ ಸ್ಟೇಷನ್ನುಗಳ ಹೆಸರು, ಮೇಲೆ ತಾರೀಖು, ಗಾಡಿ ಹೋದಂತೆ ಓರೆ ಗೆರೆ. ನಿಂತರೆ ಗೆರೆ ಅಡ್ಡ ಮಲಗುತ್ತದೆ. ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ. ಎಲ್ಲೆಲ್ಲಿ ಎಷ್ಟು ತಾಸು ನಿಂತೆ, ಯಾಕೆ ನಿಂತೆ, ತಪ್ಪದೆ ಬರೆ. ನಮ್ಮಲ್ಲಿ ಗಾಡಿ ನಿಂತರೆ ತಪ್ಪು ಯಾರದೆಂದು ಚಾರ್ಟಿನಲ್ಲಿ ಬರೆಯಲೇಬೇಕು. ಇಂಜಿನ್ನಿನವರದು, ಗಾರ್ಡಿನದು, ಸಿಗ್ನಲ್ಲಿನವರದು. ಇಪ್ಪತ್ತೆಂಟು ವರ್ಷದಲ್ಲಿ 'ಕಂಟ್ರೋಲ್' ಎಂದು, ಅಂದರೆ ತಪ್ಪು ನನ್ನದೇ ಎಂದು, ಒಮ್ಮೆಯೂ ಬರೆದವನಲ್ಲ ನಾನು. ಹಾಗೆ ಬರೆಯುವ ಕಂಟ್ರೋಲರ್ ಇನ್ನೂ ಹುಟ್ಟಬೇಕು.

ಯಾವ ಸ್ಟೇಷನ್ನಿಗೆ ಹೋದರೂ "ನಮ್ಮಣ್ಣ ಸಿಕಂದರಾಬಾದಿನಲ್ಲಿ ಸೆಕ್ಷನ್ ಕಂಟ್ರೋಲರ್" ಎಂದು ಹೇಳು. ರೈಲಿನವರು ಎಲ್ಲಿದ್ದರೂ ರೈಲಿನವರೇ. ಚಹಾ ಕೊಟ್ಟೇ ಕೊಡುತ್ತಾರೆ. ನನ್ನ ಮುಂದಿನ ಪತ್ರವನ್ನು ಸಮುದ್ರಕ್ಕೆ ಮುಂಚೆ ಸಿಗುವ ಆಲ್ಟ್‌ಬೆಗ್ ಸ್ಟೇಷನ್ ಮಾಸ್ಟರರ ಮೂಲಕ ಹಾಕುತ್ತೇನೆ, ಅಲ್ಲಿ ಇಸಿದುಕೋ.

ಜುಲೈ ಹದಿನೆಂಟಕ್ಕೆ ನನಗೆ ಮೆಡಿಕಲ್ ಪರೀಕ್ಷೆ. ಹೆಡ್‌ಫೋನ್ ಹಾಕಿ ಹಾಕಿ ಎಡಗಿವಿ ಸ್ವಲ್ಪ ಗುಂಯ್ ಅನ್ನುತ್ತದೆ, ಅಷ್ಟೆ. ನಿನ್ನ ಶಾಲೆಯ ಮಕ್ಕಳ ಸಾಲಿಗೆ ನನ್ನನ್ನು ಸೇರಿಸಬೇಡ. ಫೇಲಾದವರನ್ನು ಬೋರ್ಡಿನಿಂದ ಎಬ್ಬಿಸಿ ಟ್ರೇನಿಂಗ್ ಸ್ಕೂಲಿಗೆ ಮಾಸ್ತರಿಕೆಗೆ ಕಳಿಸುತ್ತಾರೆ. ನನಗೆ ಹಾಗಾದರೆ ರಾಜೀನಾಮೆ ಬರೆದು ಮನೆಯಲ್ಲಿ ಕೂರುವುದೇ ಸೈ ಎಂದು ಉಷಾಗೆ ಹೇಳಿದ್ದೇನೆ. ಓಡುವ ಗಾಡಿ ಇಲ್ಲದ ಮೇಲೆ ನಾನು ಯಾತರ ರೈಲಿನವನು?

ಎಂದಿನಂತೆ, ಮುಗಿದ ಚಾರ್ಟಿನ ಬೆನ್ನ ಮೇಲೆ ಬರೆದಿದ್ದೇನೆ. ಹಿಂದೆ ಮಂಗಳವಾರದ ಕಾಜಿಪೇಟೆ ಸೆಕ್ಷನ್ ಇದೆ. ಓದಬೇಡ, ತಲೆನೋವು ಬರುತ್ತದೆ.

ನಿನ್ನ ಅಣ್ಣ,
ನರಹರಿ

•

ಗ್ಲಾಸ್ಗೋ
11 ಜುಲೈ 1986

ಅಣ್ಣಾ,

ಬೈಗುಳ ತಪ್ಪಿಸಿದ್ದಕ್ಕೆ ವೈನಿಯವರಿಗೆ ನಮಸ್ಕಾರ. ಚಾರ್ಟ್ ನೋಡಿ ನಮ್ಮ ಹಾಸ್ಟೆಲ್ಲಿನವರು ಇದೇನು ಜಾತಕವೇ ಎಂದು ಕೇಳಿದರು. ಹೌದು, ಅಣ್ಣ ಹಾಕಿಕೊಟ್ಟದ್ದು, ಇದರಂತೆ ನಡೆಯದಿದ್ದರೆ ಶಾಂತಿ ಮಾಡಿಸಬೇಕು ಅಂದೆ.

ಸೈಕಲ್ ಕೊಂಡೆ. ಹಳೆಯದು, ಹಸಿರು ಬಣ್ಣ, ಮೂರು ಗೇರು, ಮುಂದೆ ಬುಟ್ಟಿ. ಮಾರಿದ ಮುದುಕ ನನ್ನ ಸೀರೆ ನೋಡಿ ಚೈನಿಗೆ ಮುಚ್ಚಳ ಹಾಕಿಕೊಟ್ಟ. ಸೈಕಲ್ ಮೇಲೆ ಸೀರೆ ಉಡುವುದಿಲ್ಲ, ಪ್ಯಾಂಟು ಹೊಲಿಸಿದ್ದೇನೆ ಎಂದು ಅವನಿಗೆ ಹೇಳಲಿಲ್ಲ. ಈಗ ನಿನಗೆ ಹೇಳಿದೆ. ಬುಟ್ಟಿಯಲ್ಲಿ ಮಳೆಯ ಕೋಟು, ಶೇಂಗಾ ಚಟ್ನಿ ಪುಡಿ, ನಿನ್ನ ಚಾರ್ಟು. ಹತ್ತೊಂಬತ್ತಕ್ಕೆ ಹೊರಡುತ್ತೇನೆ.

ಇನ್ನು ಕಿವಿ. ನನ್ನ ಶಾಲೆಗೆ ಬರುವ ದೊಡ್ಡವರೆಲ್ಲ ಮೊದಲ ದಿನ ಹೇಳುವುದು ಇದೇ ಮಾತು: ಏನಿಲ್ಲ, ಸ್ವಲ್ಪ ಗುಂಯ್. ಫೋನನ್ನು ಯಾವ ಕಿವಿಗೆ ಹಿಡಿಯುತ್ತೀ? ವೈನಿ ಅಡುಗೆಮನೆಯಿಂದ ಕರೆದರೆ ಎಷ್ಟನೇ ಸಲಕ್ಕೆ ಓಗೊಡುತ್ತೀ? ಎರಡಕ್ಕೂ ಉತ್ತರ ಬರೆ. ರಾಜೀನಾಮೆಯ ಮಾತು ಬಿಡು, ನನಗೆ ಹೆದರಿಕೆಯಾಗುತ್ತದೆ. ಮನೆಯಲ್ಲಿ ಕೂತ ನಿನ್ನನ್ನು ನಾನು ಒಂದು ಭಾನುವಾರದ ಮಟ್ಟಿಗೂ ನೆನೆಸಿಕೊಳ್ಳಲಾರೆ.

ನಲಿನಿ

•

ಕಿಲಿನ್
23 ಜುಲೈ 1986

ಅಣ್ಣಾ,

ಐದು ದಿನ, ಎಪ್ಪತ್ತೆಂಟು ಮೈಲಿ. ನಗಬೇಡ. ಮೊದಲ ದಿನ ಎದುರುಗಾಳಿ, ಎರಡನೇ ದಿನ ಮಳೆ, ಮೂರನೇ ದಿನ ಎರಡೂ. ಗಾಳಿ ನಿಂತರೆ ನೊರಜು ಮುತ್ತುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕದು, ಕಚ್ಚಿದರೆ ಕುಣಿಯಬೇಕು. ಆದರೂ ನನಗೆ ಭಾಳ ಸಂತೋಷವಾಗಿದೆ ಅಣ್ಣಾ. ಬೆಳಗಾದರೆ ಎಲ್ಲಿಗೆ ಹೋಗಬೇಕು ಎಂದು ಯಾರನ್ನೂ ಕೇಳಬೇಕಾಗಿಲ್ಲ, ನನ್ನನ್ನೂ ಯಾರೂ ಕೇಳುವುದಿಲ್ಲ. ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಸರೋವರದ ದಂಡೆಗೆ ಕೂತು ಬ್ರೆಡ್ಡಿಗೆ ಚಟ್ನಿ ಪುಡಿ ಹಚ್ಚಿ ತಿನ್ನುತ್ತೇನೆ. ಕುರಿಗಳು ನೋಡುತ್ತವೆ.

ಒಳಗಿನ ರಸ್ತೆಗಳು ಒಂದೇ ಗಾಡಿಯ ಅಗಲ. ಅಲ್ಲಲ್ಲಿ ಸ್ವಲ್ಪ ಅಗಲ ಮಾಡಿ ಹಲಗೆ ನೆಟ್ಟಿರುತ್ತಾರೆ. ಎದುರಿಗೆ ಕಾರು ಬಂದರೆ ಯಾರಾದರೊಬ್ಬರು ಅಲ್ಲಿ ನಿಂತು ಕಾಯಬೇಕು. ನಿನ್ನ ಸಿಂಗಲ್ ಲೈನ್ ಕ್ರಾಸಿಂಗ್! ಇಲ್ಲಿ ಕಂಟ್ರೋಲರ್ ಇಲ್ಲ, ಕೈ ಎತ್ತಿ ನಕ್ಕರೆ ಸಾಕು.

ಕ್ಯಾಲಂಡರ್ ಸ್ಟೇಷನ್ ನೋಡಿದೆ. ವಿಶಾಲವಾಗಿದೆ. ಗ್ಲೆನ್‌ಬ್ರೆಕ್ ಸ್ಟೇಷನ್ ಬಹಳ ಶಾಂತ. ಪ್ಲಾಟ್‌ಫಾರ್ಮಿನ ಮೇಲೆ ಹುಲ್ಲು ಚೆನ್ನಾಗಿ ಬೆಳೆದಿದೆ. ನಾನಿದ್ದಷ್ಟು ಹೊತ್ತು ಗಾಡಿ ಬರಲಿಲ್ಲ. ಅಲ್ಲಿದ್ದವರಿಗೆ ನಿನ್ನ ಹೆಸರು ಹೇಳಿದೆ, ಚಹಾ ಕೊಟ್ಟರು. ನಿಂತದ್ದು ಒಂದು ತಾಸು, ಕಾರಣ ಚಹಾ. ನೀನು ಹೇಳಿದ ಅರವತ್ತಕ್ಕೊಂದು ಏರಿನ ಲೆಕ್ಕ ನೂರಕ್ಕೆ ನೂರು ಸರಿ.

ಮೆಡಿಕಲ್ ಏನಾಯಿತು? ಮೊದಲು ಅದನ್ನು ಬರೆ.

ನಲಿನಿ

•

ಮಲ್ಕಾಜ್‌ಗಿರಿ
1 ಆಗಸ್ಟ್ 1986
(ಆಲ್ಟ್‌ಬೆಗ್ ಸ್ಟೇಷನ್ ಮಾಸ್ಟರರ ಮೂಲಕ)

ನಲಿನಿ,

ಕಿಲಿನ್ ಪತ್ರ ನಿನ್ನೆ ಬಂತು. ಕೂಡಲೇ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದೆ. ದಿನಕ್ಕೆ ಹದಿನಾರು ಮೈಲಿ! ನಮ್ಮ ಕಲ್ಲಿದ್ದಲ ಗಾಡಿ ಕೂಡ ನಾಚಿಕೊಂಡೀತು. ಪ್ಯಾಂಟಿನ ಸುದ್ದಿಯನ್ನು ಉಷಾ ಕಾಲೊನಿಗೆಲ್ಲ ಹೇಳಿಬಂದಿದ್ದಾಳೆ, ಅಭಿಮಾನದಿಂದ.

ಚಹಾ ಕೊಟ್ಟರಲ್ಲವೇ? ನಾನು ಹೇಳಿರಲಿಲ್ಲವೇ? ವೈಜನಾಥನಿಗೆ ಓದಿ ತೋರಿಸಿದೆ. ಆದರೆ ಗ್ಲೆನ್‌ಬ್ರೆಕ್‌ನವರಿಗೆ ಹೇಳು, ಪ್ಲಾಟ್‌ಫಾರ್ಮಿನ ಮೇಲೆ ಹುಲ್ಲು ಬೆಳೆಸುವುದು ಒಳ್ಳೆಯದಲ್ಲ, ಇನ್‌ಸ್ಪೆಕ್ಷನ್ ಬಂದರೆ ಬೈಸಿಕೊಳ್ಳುತ್ತಾರೆ. ಸಿಗ್ನಲ್ ಕೈ ಕೆಳಗೆ ಬೀಳುವಂಥದೋ ಮೇಲೆ ಏಳುವಂಥದೋ ನೀನು ಬರೆದೇ ಇಲ್ಲ. ಮೂರೂ ನಲವತ್ತಕ್ಕೆ ಒಂದು ಪ್ಯಾಸೆಂಜರ್ ಇರಬೇಕಿತ್ತಲ್ಲ, ರದ್ದಾಗಿದೆಯೇ ಕೇಳಲಿಲ್ಲವೇ? ರೈಲಿನವನ ತಂಗಿಯಾಗಿ ಇಷ್ಟೂ ನೋಡದಿದ್ದರೆ ಹೇಗೆ?

ಮೆಡಿಕಲ್ ಆಯಿತು. ಡಾಕ್ಟರು ಸಜ್ಜನರು. ಬರೆಯುವಂಥದೇನೂ ಇಲ್ಲ.

ಈಗ ಬೆಳಗಿನ ಹನ್ನೊಂದು. ಟೊಮ್ಯಾಟೊ ಗಿಡಗಳಿಗೆ ನೀರು ಹಾಕಿ ಬಂದು ಮಾಳಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಕಾಚಿಗೂಡದ ಪ್ಯಾಸೆಂಜರ್ ಈಗ ಹೋಯಿತು, ಹನ್ನೆರಡು ನಿಮಿಷ ಲೇಟು. ವೈಜನಾಥ ಏನು ಮಾಡುತ್ತಾನೋ ಏನೋ. ನಿನ್ನ ವೈನಿಯದು ಒಂದೇ ವರಾತ: "ಆ ಕಾಗದ ಕೊಡೂದಿದ್ರ ಕೊಟ್ಟು ಬರ್ರಿ, ಇಲ್ಲಾ ಹರಿದು ಒಗೀರಿ. ಕಿಸೆದಾಗ ಇಟ್ಕೊಂಡು ಯಾಕ ತಿರಗಾಕತ್ತೀರಿ?" ಯಾವುದೋ ಆಫೀಸಿನ ಕಾಗದ. ನೀನು ತಲೆ ಕೆಡಿಸಿಕೊಳ್ಳಬೇಡ.

ಆಲ್ಟ್‌ಬೆಗ್ ಮಾಸ್ಟರರಿಗೆ ನನ್ನ ನಮಸ್ಕಾರ ತಿಳಿಸು.

ನರಹರಿ

•

ಆಲ್ಟ್‌ಬೆಗ್
11 ಆಗಸ್ಟ್ 1986

ಅಣ್ಣಾ,

ನಿನ್ನ ಪತ್ರ ಸಿಕ್ಕಿತು. ಕೊಟ್ಟವರು ಸ್ಟೇಷನ್ ಮಾಸ್ಟರ್ ಅಲ್ಲ. ಇಲ್ಲಿ ಸ್ಟೇಷನ್ ಮಾಸ್ಟರ್ ಇಲ್ಲ. ಸ್ಟೇಷನ್ನೂ ಇಲ್ಲ. ಹಳಿ ಕಿತ್ತು ಇಪ್ಪತ್ತು ವರ್ಷದ ಹತ್ತಿರ ಬಂತು.

ಹೌದು, ಇವರು ಕಿತ್ತುಹಾಕಿದ್ದಾರೆ. ಕಾರು, ಬಸ್ಸು ಹೆಚ್ಚಾದ ಮೇಲೆ ನಷ್ಟವೆಂದು ಎಷ್ಟೋ ಲೈನು ಮುಚ್ಚಿದರಂತೆ. ನೀನು ಹಾಕಿದ ದಾರಿಯಲ್ಲಿ ಕಿಂಗ್ಯೂಸಿಯಂಥ ಒಂದೆರಡು ಕಡೆ ಮಾತ್ರ ಈಗಲೂ ಗಾಡಿ ಓಡುತ್ತದೆ. ಕ್ಯಾಲಂಡರಿನಲ್ಲಿ ಸ್ಟೇಷನ್ ಇದ್ದ ಜಾಗ ಈಗ ಕಾರು ನಿಲ್ಲಿಸುವ ಬಯಲು. ಅದಕ್ಕೇ 'ವಿಶಾಲವಾಗಿದೆ' ಎಂದು ಬರೆದೆ. ಗ್ಲೆನ್‌ಬ್ರೆಕ್‌ನಲ್ಲಿ ಪ್ಲಾಟ್‌ಫಾರ್ಮು ಒಂದೇ ಉಳಿದಿದೆ, ಅದರ ಮೇಲೆ ಕುರಿ ಮೇಯುತ್ತಿದ್ದವು. ಚಹಾ ಕೊಟ್ಟದ್ದು ಕುರಿ ಕಾಯುವವನು, ತನ್ನ ಫ್ಲಾಸ್ಕಿನಿಂದ. ನೀನು ಕೂತು ಅಷ್ಟು ಗೆರೆ ಎಳೆದಿದ್ದೀ. ಆ ಚಾರ್ಟಿನ ಮೇಲೆ 'ಇಲ್ಲ, ಇಲ್ಲ' ಎಂದು ಬರೆಯಲು ನನಗೆ ಕೈ ಬರಲಿಲ್ಲ. ಮೆಡಿಕಲ್ ಹತ್ತಿರದಲ್ಲಿತ್ತು, ಅದೂ ಒಂದು ಕಾರಣ.

ಆಲ್ಟ್‌ಬೆಗ್ ಸ್ಟೇಷನ್ ಕಟ್ಟಡದಲ್ಲಿ ಈಗ ಒಬ್ಬ ಮುದುಕಿ ಇದ್ದಾರೆ. ಟಿಕೆಟ್ ಕೊಡುವ ಕಿಂಡಿಯಲ್ಲಿ ಜಾಮಿನ ಸೀಸೆ ಜೋಡಿಸಿದ್ದಾರೆ. ಬಾಗಿಲು ತಟ್ಟಿ ಪತ್ರದ ವಿಚಾರ ಹೇಗೆ ಕೇಳುವುದೆಂದು ನಾಚಿಕೊಂಡು ನಿಂತಿದ್ದೆ. ಅವರೇ ಕಿಂಡಿ ತೆರೆದು, "ನೀನೇ ಇರಬೇಕು" ಎಂದು ನಿನ್ನ ಪತ್ರ ಹೊರಗೆ ಚಾಚಿದರು. ಪೋಸ್ಟ್‌ಮ್ಯಾನ್ ಬೆಳಿಗ್ಗೆ ತಂದುಕೊಟ್ಟು, ಸ್ಟೇಷನ್ ಮಾಸ್ಟರರಿಗೆ ಬಡ್ತಿಯಾಯಿತು, ಅಭಿನಂದನೆ ಎಂದು ಹೇಳಿ ಹೋದನಂತೆ. ನಿನ್ನ ನಮಸ್ಕಾರ ತಿಳಿಸಿದೆ. ಅವರು ಎದ್ದುನಿಂತು ಸ್ವೀಕರಿಸಿದರು.

ಇನ್ನೊಂದು ಮಾತು. ಇದರಲ್ಲಿ ಸುಳ್ಳಿಲ್ಲ. ಆಲ್ಟ್‌ಬೆಗ್‌ಗೆ ಬರಲು ಎರಡು ದಾರಿ. ರಸ್ತೆಯಲ್ಲಿ ಸ್ವಲ್ಪ ಹೋಗಿ ನೋಡಿದೆ, ಏದುಸಿರು ಬಂತು, ಇಳಿದು ತಳ್ಳಿದೆ. ಹಿಂತಿರುಗಿ ಬಂದು ಹಳೆಯ ರೈಲಿನ ದಾರಿ ಹಿಡಿದೆ. ಹಳಿ ಇಲ್ಲ, ಅದರಡಿಯ ಹಲಗೆ ಇಲ್ಲ, ಹುಲ್ಲು ಬೆಳೆದ ಕಾಲುದಾರಿ. ಬೆಟ್ಟದ ಸೊಂಟ ಬಳಸಿಕೊಂಡು ಆರು ಮೈಲಿ ಏರುತ್ತದೆ. ಒಂದು ಕಡೆಯೂ ನಾನು ಇಳಿಯಲಿಲ್ಲ ಅಣ್ಣಾ. ಅದನ್ನು ಅಳೆದು ಹಾಕಿದವರು ಸತ್ತು ಎಷ್ಟೋ ಕಾಲವಾಯಿತು, ಗಾಡಿಗಳೂ ಹೋದವು. ಅವರು ಹಾಕಿದ ಲೆಕ್ಕ ಇವತ್ತು ನನ್ನ ಕಾಲಿಗೆ ಸಿಕ್ಕಿತು.

ನನ್ನ ಸುಳ್ಳು ಮುಗಿಯಿತು. ಈಗ ನಿನ್ನದು.

ನನಗೆ ಬುದ್ಧಿ ಬಂದಾಗಿನಿಂದ ನಿನ್ನ ಪತ್ರ ಬಂದದ್ದೆಲ್ಲ ಹಳೇ ಚಾರ್ಟಿನ ಬೆನ್ನ ಮೇಲೆ. ಈ ಸಲ ಗೆರೆ ಹೊಡೆದ ನೋಟ್‌ಬುಕ್ಕಿನ ಹಾಳೆ. ತಿರುಗಿಸಿ ನೋಡಿದೆ, ಹಿಂದೆ ಬರೀ ಖಾಲಿ. ಶುಕ್ರವಾರ ಹನ್ನೊಂದು ಗಂಟೆಗೆ ಗಿಡಕ್ಕೆ ನೀರು ಹಾಕುವ ನರಹರಿಯನ್ನು ನಾನು ಕಂಡಿಲ್ಲ. ಕಿಸೆಯಲ್ಲಿರುವ ಕಾಗದ ಯಾವುದೆಂದೂ ಗೊತ್ತಾಯಿತು. ಬೋರ್ಡಿನಿಂದ ಎಬ್ಬಿಸಿದರು, ಅಲ್ಲವೇ? ಒಂದು ಕಿವಿಯೋ, ಎರಡೂನೋ?

ನಾನು ಅತ್ತೆ. ಬೇರೆಯವರ ಮಕ್ಕಳಿಗೆ ಕಲಿಸಲು ಇಷ್ಟು ದೂರ ಬಂದವಳು, ನನ್ನಣ್ಣ ನನಗೇ ಹೇಳದೆ ಹೋದನಲ್ಲ ಎಂದು ಅತ್ತೆ. ನನ್ನ ಮಕ್ಕಳಲ್ಲಿ ಯಾರಿಗೆ ಹೆಚ್ಚು ಕಷ್ಟ ಗೊತ್ತೇ? ಕೇಳಿಸದೆಯೂ ಕೇಳಿಸಿತೆಂದು ತಲೆಯಾಡಿಸುವವರಿಗೆ. ಅವರಿಗೆ ಏನು ಕಲಿಸಬೇಕೆಂದು ನನಗೂ ತಿಳಿಯುವುದಿಲ್ಲ.

ಒಂಬತ್ತನೇ ತಾರೀಖಿನ ಮಧ್ಯಾಹ್ನ ಎರಡಕ್ಕೆ ಬಂದವಳು ಇಲ್ಲೇ ಇದ್ದೇನೆ. ಪತ್ರ ಓದಿದ ಮೇಲೆ ಪೆಡಲ್ ತುಳಿಯಲು ಮನಸ್ಸು ಬರಲಿಲ್ಲ. ಮುದುಕಿ ಎರಡು ರಾತ್ರಿ ಇಟ್ಟುಕೊಂಡರು. ಈಗ ಬೆಳಿಗ್ಗೆ ಹತ್ತು, ಹೊರಡುತ್ತೇನೆ. ಸಮುದ್ರಕ್ಕೆ ಇನ್ನು ಹದಿನಾಲ್ಕು ಮೈಲಿ. ನಿಂತದ್ದು ನಲವತ್ತನಾಲ್ಕು ತಾಸು. ಮಳೆಯಲ್ಲ, ಸೈಕಲ್ಲೂ ಸರಿಯಿದೆ. ತಪ್ಪು ಯಾರದೆಂದು ನೀನೇ ಬರೆದುಕೋ.

ನಲಿನಿ

•

ಮಲ್ಕಾಜ್‌ಗಿರಿ
24 ಆಗಸ್ಟ್ 1986, ಭಾನುವಾರ

ನಲಿನಿ,

ಓದುವ ಮೊದಲೇ ಕಾಗದ ತಿರುಗಿಸಿ ನೋಡಿರುತ್ತೀ. ಹೌದು, ಚಾರ್ಟೇ. ಆದರೆ ನನ್ನ ಕೈಯದಲ್ಲ. ಒಂದೇ ಲೈನಿನ ಮೇಲೆ ಎರಡು ಗಾಡಿ ಎದುರುಬದುರು ಬಿಟ್ಟ ಮಹಾನುಭಾವ ಯಾರೆಂದು ಮುಂದೆ ಹೇಳುತ್ತೇನೆ.

ನಿನ್ನ ಪತ್ರ ಇಪ್ಪತ್ತನೇ ತಾರೀಖು ಬೆಳಗಿನ ಟಪಾಲಿಗೆ ಬಂತು. ಮೊದಲು ಸಿಟ್ಟು ಬಂತು. ನಿನ್ನ ಮೇಲೆ ಅರ್ಧ ತಾಸು, ಆಮೇಲೆ ನನ್ನ ಮೇಲೆ. ಇಲ್ಲದ ಹಳಿಯ ಮೇಲೆ ಗಾಡಿ ಬಿಟ್ಟ ಕಂಟ್ರೋಲರ್ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಸಂಜೆ ವೈಜನಾಥ ಬಂದು ಕೇಳಿ, ಬಿಕ್ಕಳಿಕೆ ಹತ್ತುವವರೆಗೂ ನಕ್ಕ. "ಕಿವಿ ಸಲುವಾಗಿ ಅಲ್ಲೋ, ಇದರ ಸಲುವಾಗಿ ನಿನ್ನ ಬೋರ್ಡಿಂದ ಎಬ್ಬಿಸಬೇಕಿತ್ತು" ಅಂದ.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಅರ್ಧ ಇದೆ. ಹದಿನೆಂಟರಂದು ಡಾಕ್ಟರು ಬರೆದುಕೊಟ್ಟರು, ಇಪ್ಪತ್ತೊಂದಕ್ಕೆ ಹೆಡ್‌ಫೋನ್ ಒಪ್ಪಿಸಿ ಬಂದೆ. ಟ್ರೇನಿಂಗ್ ಸ್ಕೂಲಿಗೆ ಬರುತ್ತೀರೋ ಇಲ್ಲವೋ, ಆಗಸ್ಟ್ ಇಪ್ಪತ್ತರೊಳಗೆ ತಿಳಿಸಿ ಅಂದರು. ರಾಜೀನಾಮೆಯನ್ನು ಅವತ್ತೇ ಬರೆದೆ. ಕೊಡಲು ಹೊರಟಾಗಲೆಲ್ಲ ಒಂದೊಂದು ನೆಪ. ಉಷಾ ಅಂಗಿ ಒಗೆಯುವಾಗ ತೆಗೆದಿಟ್ಟು, ಮಡಿ ಅಂಗಿಯ ಕಿಸೆಗೆ ಮತ್ತೆ ಹಾಕುತ್ತಿದ್ದಳು. ನಿನಗೆ ಯಾಕೆ ಹೇಳಲಿಲ್ಲ ಅಂದರೆ, ನೀನು ನನ್ನ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ, ಬಿಡಿಬಿಡಿಯಾಗಿ ಮಾತಾಡುವುದನ್ನು ನೆನೆದೆ. ಮಕ್ಕಳ ಹತ್ತಿರ ಮಾತಾಡುತ್ತೀಯಲ್ಲ, ಹಾಗೆ. ನನಗೆ ತಡೆಯಲಾಗಲಿಲ್ಲ.

ಇಪ್ಪತ್ತರ ಮಧ್ಯಾಹ್ನ ಮಾಳಿಗೆಯ ಮೇಲೆ ಕೂತು ನಿನ್ನ ಪತ್ರ ಮೂರು ಸಲ ಓದಿದೆ. ಆ ಏರು ಅಳೆದವನು ಯಾರೋ. ಅವನ ಒಂದು ಗಾಡಿಯೂ ಈಗ ಇಲ್ಲ. ಆದರೂ ನನ್ನ ತಂಗಿ ಇಳಿಯದೆ ಹತ್ತಿದಳು. ಕೆಳಗೆ ಬಂದು ಕಾಗದ ಹರಿದೆ. ಉಷಾ ಚೂರು ಬಳಿದು ಬುಟ್ಟಿಗೆ ಹಾಕಿ, "ನಾಲ್ಕಕ್ಕ ಆಫೀಸು ಮುಚ್ಚತೈತಿ, ಲಗೂನ ಹೋಗ್ರಿ" ಅಂದಳು. ಚಪ್ಪಲಿ ಮೆಟ್ಟಿ ಓಡಿದೆ.

ಗುರುವಾರ ಟ್ರೇನಿಂಗ್ ಸ್ಕೂಲಿಗೆ ಮಾಸ್ತರನಾಗಿ ಸೇರಿಕೊಂಡೆ. ಇಪ್ಪತ್ತೆರಡು ಜನ ಹುಡುಗರು. ಮೊದಲ ದಿನ ಚಾರ್ಟ್ ಹಾಕಿಸಿದೆ. ಈ ಕಾಗದದ ಬೆನ್ನಿಗಿರುವುದು ರಾಯಚೂರಿನ ಗುರುಸಿದ್ದಪ್ಪನದು. ಎರಡು ಗಾಡಿ ಗುದ್ದಿಸಿಯೂ ಅವನ ಗೆರೆ ಮಾತ್ರ ಬಲು ಅಚ್ಚುಕಟ್ಟು. ನಿನ್ನೆ ನಾನು ಕರಿಹಲಗೆಯ ಮೇಲೆ ನಿನ್ನ ಚಾರ್ಟ್ ಬರೆದೆ, ಗ್ಲಾಸ್ಗೋದಿಂದ ಆಲ್ಟ್‌ಬೆಗ್‌ವರೆಗೆ. ಇದು ಯಾವ ಗಾಡಿ, ಎಲ್ಲಿಯ ಲೈನು, ಏನೂ ಹೇಳಲಿಲ್ಲ. ಓದಿರಿ ನೋಡೋಣ ಅಂದೆ.

ಗುರುಸಿದ್ದಪ್ಪ ಎಡಗಡೆ, ಹಿಂದಿನ ಬೆಂಚಿನಿಂದ ಏನೋ ಕೇಳಿದ. ತುಟಿ ಆಡಿದ್ದು ಕಂಡಿತು. ನಾನು ಹೌದೆಂದು ತಲೆಯಾಡಿಸಿದೆ. ಆಡಿಸಿದ ಮೇಲೆ ನಿನ್ನ ಮಾತು ನೆನಪಾಯಿತು.

"ಬಲಕ್ಕ ಬಂದು ಕೇಳಪಾ," ಅಂದೆ. "ಎಡಗಿವಿ ಕೇಳೂದಿಲ್ಲ ನನಗ."

ಮನೆಯ ಹೊರಗೆ ಇದನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಯಾರೂ ನಗಲಿಲ್ಲ. ಅವನು ಎದ್ದು ಬೆಂಚು ದಾಟಿ ಬಲಕ್ಕೆ ಬಂದು ನಿಂತ.

"ಸರ್, ಆಲ್ಟ್‌ಬೆಗ್‌ನ್ಯಾಗ ಗಾಡಿ ನಲವತ್ನಾಲ್ಕು ತಾಸು ನಿಂತೈತಿ. ಕಾರಣ ಬರದಿಲ್ಲರಿ. ಯಾರ ತಪ್ಪು ಅಂತ ಬರೀಬೇಕ್ರಿ?"

ನಿನ್ನ ಸಮುದ್ರದ ಕಾರ್ಡು ನಿನ್ನೆ ಸಂಜೆ ಬಂತು, ಗೆರೆ ಕೊನೆ ಮುಟ್ಟಿಸಿದ್ದೇನೆ. ಬಾಂಬೆಯಿಂದ ಯಾವ ಗಾಡಿಗೆ ಬರುತ್ತೀ ತಿಳಿಸು. ಸ್ಟೇಷನ್ನಿಗೆ ಬರುತ್ತೇನೆ. ಇಳಿದವಳೇ ನನ್ನ ಬಲಗಡೆ ಬಾ, ಎಂದಿನಂತೆ ಜೋರಾಗಿ ಜಗಳ ಆಡು.

ಹುಡುಗನಿಗೆ ಏನು ಹೇಳಿದೆ ಎಂದು ಕೇಳುತ್ತೀ. ಹಲಗೆಯ ಕಡೆ ತಿರುಗಿ, ಆಲ್ಟ್‌ಬೆಗ್ ಹತ್ತಿರ ಅಡ್ಡ ಮಲಗಿದ್ದ ಗೆರೆಯ ಮೇಲೆ, ಹಿಂದಿನ ಬೆಂಚಿಗೂ ಕಾಣುವಷ್ಟು ದೊಡ್ಡದಾಗಿ ಬರೆದೆ: ಕಂಟ್ರೋಲ್.

ನಿನ್ನ ಅಣ್ಣ,
ನರಹರಿ